ದಡದಲ್ಲಿ ನಿಲ್ಲದ ಗಾಡಿ

ಎಂಟು ಚಕ್ರ, ಒಂದು ಪ್ಲಾಸ್ಟಿಕ್ ತೊಟ್ಟಿ, ಅದರ ನಡುವೆ ಹುಲ್ಲು ಕತ್ತರಿಸುವ ಟ್ರ್ಯಾಕ್ಟರಿನ ಜಾತಿಯದೇ ಒಂದು ಎಂಜಿನ್. ಬಾಗಿಲಿಲ್ಲ, ದುಂಡನೆಯ ಸ್ಟೀರಿಂಗಿಲ್ಲ, ಸ್ಪ್ರಿಂಗಿಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ. ನೆಲದ ಮೇಲೆ ಓಡಿದರೆ ಒಳ್ಳೆಯ ಸೈಕಲ್ ಸವಾರ ಹಿಂದೆ ಹಾಕಿ ಹೋಗುತ್ತಾನೆ. ನೀರಿಗಿಳಿದರೆ ಗಂಟೆಗೆ ನಾಲ್ಕೈದು ಕಿಲೋಮೀಟರ್, ಅಂದರೆ ದಡದ ಮೇಲೆ ನಡೆಯುವವನಿಗಿಂತ ಹೆಚ್ಚೇನಿಲ್ಲ. ಕಾರಾಗಿ ನೋಡಿದರೆ ಕೆಟ್ಟ ಕಾರು, ದೋಣಿಯಾಗಿ ನೋಡಿದರೆ ಕೆಟ್ಟ ದೋಣಿ. ಆದರೂ ಇದನ್ನು ನಾನು ದುಡ್ಡು ಕೊಟ್ಟು ಕೊಂಡೆ, ಬಿಚ್ಚಿದೆ, ಜೋಡಿಸಿದೆ, ಅಲ್ಲಲ್ಲಿ ಬದಲಿಸಿದೆ. ಈಗ ಯಾರಾದರೂ ಬಂದು ಎರಡರಷ್ಟು ಬೆಲೆ ಕೊಡುತ್ತೇನೆಂದರೂ ಕೊಡುವ ಮನಸ್ಸಿಲ್ಲ.

ಗಾಡಿಯ ಹೆಸರು ಆರ್ಗೊ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ನಾವಿರುವ ಕಿಚನರ್ ಊರಿನಿಂದ ಇಪ್ಪತ್ತು ಕಿಲೋಮೀಟರ್ ಆಚೆ ನ್ಯೂ ಹ್ಯಾಂಬರ್ಗ್ ಎಂಬ ಪುಟ್ಟ ಪಟ್ಟಣವಿದೆ. ನಿತ್ ಎಂಬ ಹೊಳೆ ಅದರ ನಡುವೆ ಹರಿಯುತ್ತದೆ. 1962ರಲ್ಲಿ ಶುರುವಾದ, ಈಗ ಅಲ್ಲಿರುವ ಒಂಟಾರಿಯೊ ಡ್ರೈವ್ ಆ್ಯಂಡ್ ಗೇರ್ ಎಂಬ ಕಂಪನಿ ಗೇರು, ಟ್ರಾನ್ಸ್‌ಮಿಷನ್ನುಗಳ ಜತೆಗೆ 1967ರಿಂದ ಈ ಗಾಡಿಯನ್ನೂ ಮಾಡುತ್ತ ಬಂದಿದೆ. ಬೆಂಗಳೂರಿನಿಂದ ಬಂದು ಇಲ್ಲಿ ಎಷ್ಟೋ ವರ್ಷ ಬದುಕಿದ ನಮ್ಮ ಬಳಗದಲ್ಲಿ ಹೆಚ್ಚಿನವರಿಗೆ ಈ ಹೆಸರೇ ಗೊತ್ತಿಲ್ಲ. ಗೊತ್ತಿರುವವರು ಬೇರೆ: ಉತ್ತರದ ಕಾಡಿನಲ್ಲಿ ವಿದ್ಯುತ್ ತಂತಿ ನೋಡಿಕೊಳ್ಳುವ ಲೈನ್‌ಮನ್‌ಗಳು, ಅದಿರು ಹುಡುಕುವವರು, ಮೂಸ್ ಬೇಟೆಯವರು, ಕಾಡಿನಲ್ಲಿ ದಾರಿ ತಪ್ಪಿದವರನ್ನು ಹುಡುಕಿ ತರುವ ತಂಡದವರು. ರಸ್ತೆ ಮುಗಿದ ಮೇಲೆ ಕೆಲಸ ಶುರುವಾಗುವ ಜನ.

ನಮ್ಮ ಕೆಲಸವೂ ರಸ್ತೆ ಮುಗಿದ ಮೇಲೆಯೇ ಶುರುವಾಗುತ್ತಿತ್ತು. ಮೂರು ಕನ್ನಡ ಕುಟುಂಬಗಳು ಸೇರಿ ಉತ್ತರಕ್ಕೆ ಕೆಲವು ಗಂಟೆ ದೂರದಲ್ಲಿ ಒಂದು ಕಾಡುತುಂಡು ಕೊಂಡಿದ್ದೆವು. ಮೇಪಲ್, ಬರ್ಚ್, ಸೀಡರ್ ಮರಗಳು, ಹಿಂಬದಿಯಲ್ಲಿ ಹಿಂದಿನ ಮಾಲೀಕರು ಕಟ್ಟಿದ ಒಂದು ಮರದ ಗುಡಿಸಲು. ಗುಡಿಸಲಿಗೆ ಹೋಗುವ ಕಾಲುದಾರಿ ಒಂದು ತಗ್ಗಿನಲ್ಲಿ ಇಳಿದು ಏರುತ್ತಿತ್ತು. ಎರಡನೆಯ ವರ್ಷ ಆ ತಗ್ಗಿಗೆ ಬೀವರ್ ಕುಟುಂಬವೊಂದು ಬಂದು ನೆಲೆಸಿತು. ತೊರೆಗೆ ಅಡ್ಡಲಾಗಿ ರೆಂಬೆ, ಕೆಸರು, ಕಲ್ಲು ಒಟ್ಟಿ ಕಟ್ಟೆ ಹಾಕಿತು. ಬೇಸಿಗೆ ಮುಗಿಯುವುದರೊಳಗೆ ದಾರಿ ನೀರಿನಡಿ ಹೋಯಿತು. ಕಟ್ಟೆ ಒಡೆದು ಬೀವರ್‌ಗಳನ್ನು ತೆಗೆಸಿಬಿಡಿ ಎಂದು ಸಲಹೆ ಕೊಟ್ಟವರಿದ್ದರು. ನಮಗೆ ಮನಸ್ಸಾಗಲಿಲ್ಲ. ಒಂದೇ ವರ್ಷದಲ್ಲಿ ಅಲ್ಲಿಗೆ ಮರಬಾತುಗಳು ಬಂದಿದ್ದವು, ಕಪ್ಪೆಗಳು ಬಂದಿದ್ದವು, ಒಣಗಿ ನಿಂತ ಮರದ ತುದಿಯಲ್ಲಿ ಹೆರಾನ್ ಹಕ್ಕಿ ಗೂಡು ಕಟ್ಟುವ ಲಕ್ಷಣ ಕಾಣುತ್ತಿತ್ತು. ಆಚೆ ದಡಕ್ಕೆ ಹೋಗುವ ಉಪಾಯ ನಾವೇ ಹುಡುಕಿಕೊಳ್ಳುವುದೆಂದು ತೀರ್ಮಾನಿಸಿದೆವು.

ದೋಣಿ ಸಾಲದೇ ಎಂದು ಕೇಳಬಹುದು. ಸಾಲದು. ಬೀವರ್ ಕೆರೆ ನಕ್ಷೆಯಲ್ಲಿ ಕಾಣುವಂಥ ಕೆರೆಯಲ್ಲ. ಅದಕ್ಕೆ ದಡವೆಂಬ ಗೆರೆಯೇ ಇಲ್ಲ. ಮೊದಲು ಹುಲ್ಲು, ಆಮೇಲೆ ಒದ್ದೆ ಹುಲ್ಲು, ಆಮೇಲೆ ಪಾದ ಹೂತುಹೋಗುವ ಕೆಸರು, ಕೆಸರಿನ ಮೇಲೆ ಗೇಣು ನೀರು, ನೀರಿನಲ್ಲಿ ಬಿದ್ದ ಮರ, ಅದನ್ನು ದಾಟಿದ ಮೇಲೆ ಆಳ, ಮತ್ತೆ ಮರ, ಮತ್ತೆ ಕೆಸರು. ದೋಣಿಯನ್ನು ತಲೆಯ ಮೇಲೆ ಹೊತ್ತು ಮೊಣಕಾಲು ಕೆಸರಿನಲ್ಲಿ ಅರ್ಧ ದೂರ, ಅದರೊಳಗೆ ಕೂತು ಅರ್ಧ ದೂರ ಎನ್ನುವಂತಾಗುತ್ತದೆ. ನಾಲ್ಕು ಚಕ್ರದ ಸಾಮಾನ್ಯ ಎ.ಟಿ.ವಿ. ಕೆಸರು ಮುಗಿಯುವ ಮೊದಲೇ ಹೂತುಕೊಳ್ಳುತ್ತದೆ. ನೀರಿಗೂ ನೆಲಕ್ಕೂ ನಡುವೆ ಇರುವ ಆ ಪಟ್ಟಿ ಯಾವ ವಾಹನದ್ದೂ ಅಲ್ಲ. ಆರ್ಗೊ ಮಾಡಿರುವುದು ಅದಕ್ಕಾಗಿ. ನೆಲದಲ್ಲಿ ಎಷ್ಟು ವೇಗ, ನೀರಿನಲ್ಲಿ ಎಷ್ಟು ವೇಗ ಎಂದು ಕೇಳುವವರಿಗೆ ನಾನು ಮೊದಲು ಈ ಪಟ್ಟಿಯನ್ನೇ ತೋರಿಸುತ್ತೇನೆ.

ಇಂಥ ಪಟ್ಟಿಯ ಪಕ್ಕದಲ್ಲೇ ಹುಟ್ಟಿ ಬೆಳೆದವನು ನಾನು. ನಮ್ಮೂರು ಸಾಗರ ತಾಲ್ಲೂಕಿನ ತುಮರಿ ಕಡೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತ ಮೇಲೆ ಆ ಕಡೆಯ ಹಳ್ಳಿಗಳು ಮೂರು ಕಡೆ ನೀರು, ಒಂದು ಕಡೆ ಘಟ್ಟ ಎಂಬಂತೆ ಉಳಿದವು. ಹಳೆಯ ಡಾಂಬರು ರಸ್ತೆಗಳು ಇಳಿಜಾರಿನಲ್ಲಿ ಹಾಗೇ ಹಿನ್ನೀರಿನೊಳಗೆ ಹೋಗಿ ಮಾಯವಾಗುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗ ಕರಿಯ ಬೊಡ್ಡೆಗಳು ಏಳುತ್ತವೆ. ಮಡೆನೂರಿನಲ್ಲಿ ಇನ್ನೂ ಹಳೆಯದಾದ ಹಿರೇಭಾಸ್ಕರ ಅಣೆಕಟ್ಟೆಯೇ ಮೈ ತೋರಿಸುತ್ತದೆ, ಅಣೆಕಟ್ಟೊಂದು ಇನ್ನೊಂದು ಅಣೆಕಟ್ಟಿನ ನೀರಿನಲ್ಲಿ ಮುಳುಗಿದ್ದು. ಹೊಳೆಬಾಗಿಲಿನಲ್ಲಿ ಬಸ್ಸು, ಜೀಪು, ಜನ ಎಲ್ಲವನ್ನೂ ಲಾಂಚ್ ದಾಟಿಸುತ್ತಿತ್ತು. 2025ರ ಜುಲೈಯಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯುವವರೆಗೂ ಗಾಡಿ ಅಂದರೆ ನಮಗೆ ನೀರಿನ ಮೇಲೆ ಹೋಗುವ ವಸ್ತುವೂ ಆಗಿತ್ತು. ಲಾಂಚ್ ಮೇಲೆ ನಿಂತ ಜೀಪಿನಲ್ಲಿ ಕೂತು, ಈ ಜೀಪೇ ಯಾಕೆ ಈಜಬಾರದು ಎಂದು ಯೋಚಿಸದ ಹುಡುಗರು ಆ ಕಡೆ ಇರಲಿಕ್ಕಿಲ್ಲ.

ಅಂಥ ಯೋಚನೆ ಮಾಡಿದವರು ಲೋಕದಲ್ಲಿ ಬಹಳ ಜನ ಇದ್ದರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಆರು ಚಕ್ರದ ಲಾರಿಗೆ ದೋಣಿಯ ಮೈ ತೊಡಿಸಿ ನಾರ್ಮಂಡಿಯ ಕಡಲತೀರಕ್ಕೆ ಸಾಮಾನು ಸಾಗಿಸಿತು. 1960ರ ದಶಕದಲ್ಲಿ ಜರ್ಮನಿಯವರು ಆ್ಯಂಫಿಕಾರ್ ಎಂಬ ಚಂದದ ತೆರೆದ ಕಾರು ಮಾಡಿ ಹಿಂದೆ ಎರಡು ಪ್ರೊಪೆಲ್ಲರ್ ಕೂರಿಸಿದರು. ಇವೆಲ್ಲ ಇಂಜಿನಿಯರಿಂಗಿನ ದೊಡ್ಡ ಮನೆತನದವು. ನಮ್ಮ ಗಾಡಿಯ ವಂಶ ಬೇರೆ, ಬಡವರದು. 1960ರ ದಶಕದ ಆರಂಭದಲ್ಲಿ ಕೆನಡಾದಲ್ಲೇ ಜಿಗರ್ ಎಂಬ ಆರು ಚಕ್ರದ ಪುಟಾಣಿ ಗಾಡಿ ಬಂತು, ಅದಕ್ಕೆ ಎರಡು ಸಣ್ಣ ಎಂಜಿನ್. ಅದರ ಬೆನ್ನಿಗೆ ಆ್ಯಂಫಿಕ್ಯಾಟ್, ಆ್ಯಟೆಕ್ಸ್, ಹಸ್ಲರ್, ಬಫಲೊ ಪಟ್ಟಣದ ಮ್ಯಾಕ್ಸ್. ಗ್ರೇಟ್ ಲೇಕ್ಸ್ ಸುತ್ತಮುತ್ತಲಿನ ಊರುಗಳಲ್ಲಿ ಅಚ್ಚು ಹೊಡೆದ ಪ್ಲಾಸ್ಟಿಕ್ ತೊಟ್ಟಿ, ಚೈನು, ಸಣ್ಣ ಎಂಜಿನ್ ಜೋಡಿಸಿ ಹತ್ತಾರು ಕಂಪನಿಗಳು ಇವನ್ನು ಮಾಡಿ ಮಾರಿದವು. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ಕಾಲ ಅದು. 1975ರಲ್ಲಿ ಬಂದ ಬ್ರಿಟನ್ನಿನ ‘ಸ್ಪೇಸ್: 1999’ ಟಿ.ವಿ. ಧಾರಾವಾಹಿಯಲ್ಲಿ ಚಂದ್ರನ ಮೇಲೆ ಓಡಾಡುವ ಹಳದಿ ಗಾಡಿ ಬೇರೆ ಯಾವುದೂ ಅಲ್ಲ, ಆ್ಯಂಫಿಕ್ಯಾಟ್.

ಆಮೇಲೆ 1970ರ ದಶಕದ ತೈಲ ಬಿಕ್ಕಟ್ಟು ಬಂತು. ಹೋಂಡಾದ ಮೂರು ಚಕ್ರದ ಹಗುರ ಗಾಡಿ ಬಂತು, 80ರ ದಶಕದಲ್ಲಿ ನಾಲ್ಕು ಚಕ್ರದವು ಬಂದವು. ಅವುಗಳಲ್ಲಿ ಓಟವಿತ್ತು, ಹುಮ್ಮಸ್ಸಿತ್ತು. ಆರು ಚಕ್ರದ ಕಂಪನಿಗಳಲ್ಲಿ ಹೆಚ್ಚಿನವು ಒಂದೊಂದಾಗಿ ಬಾಗಿಲು ಹಾಕಿದವು. ನ್ಯೂ ಹ್ಯಾಂಬರ್ಗಿನವರು ಉಳಿದರು. ಸಂತೋಷದ ಸಂಗತಿ ಎಂದರೆ, ಟಿ.ವಿ.ಯ ಆ ಚಂದ್ರಯಾನ ಇವರ ಪಾಲಿಗೆ ಸುಳ್ಳಾಗಲಿಲ್ಲ. ಕೆನಡಾ ಬಾಹ್ಯಾಕಾಶ ಸಂಸ್ಥೆಯ ‘ಜೂನೊ’ ರೋವರ್ ಮಾದರಿಗಳು ಈ ಕಾರ್ಖಾನೆಯಿಂದಲೇ ಹೋದವು. 2012ರಲ್ಲಿ ಹವಾಯಿಯ ಮೌನಾ ಕೀ ಜ್ವಾಲಾಮುಖಿಯ ಇಳಿಜಾರಿನಲ್ಲಿ ನಾಸಾ ಜತೆಗೂಡಿ ಚಂದ್ರನ ಮೇಲೆ ನೀರು ಹುಡುಕುವ ಪರೀಕ್ಷೆ ನಡೆದಾಗ ಅಲ್ಲಿ ಓಡಿದ್ದು ಅದೇ ಮನೆಯ ಕೂಸು. ಕೆಸರಿಗೆ ಹುಟ್ಟಿದ ಗಾಡಿಗೆ ಚಂದ್ರನ ಪುಡಿಮಣ್ಣಿನ ಅಭ್ಯಾಸ ಮಾಡಿಸುವುದು ಸಹಜವೇ. ಎರಡು ಕಡೆಯೂ ಪ್ರಶ್ನೆ ಒಂದೇ: ಮೆತ್ತಗಿನ ನೆಲದ ಮೇಲೆ ಹೂಳದೆ ನಿಲ್ಲುವುದು ಹೇಗೆ?

ಉತ್ತರ ಟೈರಿನಲ್ಲಿದೆ. ಕಾರಿನ ಟೈರಿಗೆ ಮೂವತ್ತು ಪಿ.ಎಸ್.ಐ. ಗಾಳಿ ಹಾಕುತ್ತೇವೆ. ಆರ್ಗೊ ಟೈರಿಗೆ ಎರಡೋ ಮೂರೋ. ಬೆರಳಿನಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಗಾಡಿ ಸುಮಾರು ಅರ್ಧ ಟನ್ ತೂಗಿದರೂ ಆ ತೂಕ ಎಂಟು ಅಗಲ ಟೈರುಗಳ ಮೇಲೆ ಹರಡಿಕೊಳ್ಳುತ್ತದೆ. ನನ್ನ ಬೂಟಿನ ಗುರುತು ಆಳವಾಗಿ ಬೀಳುವ ಕಡೆ ಅದರ ಗುರುತು ತೇಲಿ ಬೀಳುತ್ತದೆ. ಸ್ಪ್ರಿಂಗಿನ ಕೆಲಸವನ್ನೂ ಆ ಟೈರುಗಳೇ ಮಾಡುತ್ತವೆ. ಎಂಜಿನ್ನಿನಿಂದ ಬರುವ ಶಕ್ತಿ ನಮ್ಮ ಆಕ್ಟಿವಾ ಸ್ಕೂಟರಿನಲ್ಲಿರುವಂಥದೇ ಬೆಲ್ಟಿನ ಮೂಲಕ ಟ್ರಾನ್ಸ್‌ಮಿಷನ್ನಿಗೆ, ಅಲ್ಲಿಂದ ಚೈನುಗಳ ಮೂಲಕ ಎಂಟೂ ಚಕ್ರಕ್ಕೆ ಹೋಗುತ್ತದೆ. ತಿರುಗಿಸಲು ನಮ್ಮ ಹಳೆಯ ಮಾದರಿಯಲ್ಲಿ ಎರಡು ಲಿವರ್. ಎಡಗೈಯ ಲಿವರ್ ಎಳೆದರೆ ಎಡಗಡೆಯ ನಾಲ್ಕು ಚಕ್ರಕ್ಕೆ ಬ್ರೇಕ್ ಬೀಳುತ್ತದೆ, ಆ ಕಡೆ ಕಳೆದುಕೊಂಡ ವೇಗವನ್ನು ಒಳಗಿನ ಡಿಫರೆನ್ಷಿಯಲ್ ಬಲಗಡೆಗೆ ಕೊಡುತ್ತದೆ, ಗಾಡಿ ಎಡಕ್ಕೆ ಹೊರಳುತ್ತದೆ. ಟ್ಯಾಂಕ್ ತಿರುಗುವ ಕ್ರಮ. ಇದು ಕೈಗೆ ಹತ್ತುವವರೆಗೆ ಸ್ವಲ್ಪ ವಿಚಿತ್ರ, ಹತ್ತಿದ ಮೇಲೆ ಎರಡು ಎತ್ತಿನ ಮೂಗುದಾರ ಹಿಡಿದಷ್ಟು ಸಹಜ.

ನೀರಿನಲ್ಲಿ ನೂಕುವುದೂ ಟೈರೇ. ಇದರಲ್ಲಿ ಒಂದು ಸೂಕ್ಷ್ಮವಿದೆ, ನನಗೆ ಬಹಳ ಇಷ್ಟವಾದದ್ದು. ಚಕ್ರ ತಿರುಗುವಾಗ ಅದರ ಕೆಳಭಾಗ ನೀರನ್ನು ಹಿಂದಕ್ಕೆ ತಳ್ಳುತ್ತದೆ, ಮೇಲ್ಭಾಗ ಮುಂದಕ್ಕೆ ತಳ್ಳುತ್ತದೆ. ಪೂರ್ತಿ ಮುಳುಗಿದ ಚಕ್ರ ತಾನು ಮಾಡಿದ್ದನ್ನು ತಾನೇ ಅಳಿಸಿಕೊಳ್ಳುತ್ತದೆ. ಹಾಗಾಗಿ ಚಕ್ರದ ಮೇಲರ್ಧ ನೀರಿನ ಮೇಲಿರಬೇಕು, ಇಲ್ಲವೇ ಮೈಯ ಮರೆಯಲ್ಲಿರಬೇಕು. ಭಾರ ಹೆಚ್ಚು ಹೇರಿದಷ್ಟೂ ಗಾಡಿ ಕೆಳಗಿಳಿಯುತ್ತದೆ, ಚಕ್ರ ಹೆಚ್ಚು ಮುಳುಗುತ್ತದೆ, ಎಂಜಿನ್ ಎಷ್ಟು ಕೂಗಿದರೂ ಓಟ ಕಡಿಮೆಯಾಗುತ್ತದೆ. ಅಂದರೆ ಈ ಗಾಡಿಗೆ ನೀರಿನಲ್ಲಿ ಬೇಕಾದ್ದು ಶಕ್ತಿಗಿಂತ ಹಗುರತನ. ಇದು ಗೊತ್ತಾದ ದಿನದಿಂದ ನಾನು ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ಇದೇ ತಕ್ಕಡಿಯಲ್ಲಿ ತೂಗಿದ್ದೇನೆ.

ನಮ್ಮ ಕೈಗೆ ಬಂದಾಗ ಗಾಡಿ ಒಬ್ಬ ರೈತನ ಕೊಟ್ಟಿಗೆಯ ಹಿಂದೆ ಟಾರ್ಪಾಲಿನಡಿ ವರ್ಷಗಟ್ಟಲೆ ನಿಂತಿತ್ತು. ಎಂಜಿನ್ 18 ಅಶ್ವಶಕ್ತಿಯದು, ಗಾಳಿಯಲ್ಲೇ ತಣಿಯುವಂಥದು. ಕಾರ್ಬುರೇಟರ್ ತೊಳೆದು ಹೊಸ ಪ್ಲಗ್ ಹಾಕಿದ ಮೇಲೆ ಎದ್ದಿತು. ಕಷ್ಟ ಇದ್ದದ್ದು ಆಕ್ಸಲ್ಲುಗಳ ಬೇರಿಂಗಿನಲ್ಲಿ. ಎಂಟು ಆಕ್ಸಲ್ ಮೈಯನ್ನು ತೂತು ಮಾಡಿಕೊಂಡು ಹೊರಗೆ ಬರುತ್ತವೆ, ಪ್ರತಿ ತೂತಿನಲ್ಲೂ ಒಂದು ಬೇರಿಂಗ್, ಅದರ ಕಾವಲಿಗೆ ಸೀಲು. ನೀರಿಗೂ ನಮಗೂ ನಡುವೆ ಇರುವುದು ಅಷ್ಟು ಗ್ರೀಸ್ ಮಾತ್ರ. ಗ್ರೀಸ್ ಗನ್ ಹಚ್ಚಿ ಒತ್ತಿದಾಗ ಹಳೆಯ ಗ್ರೀಸ್ ಹೊರಗೆ ಬರುತ್ತದಲ್ಲ, ಅದರ ಬಣ್ಣ ನೋಡಬೇಕು. ಕಂದು ಬಂದರೆ ಕ್ಷೇಮ. ಹಾಲು ಬೆರೆಸಿದ ಬೂದು ಬಣ್ಣ ಬಂದರೆ ಒಳಗೆ ನೀರು ಹೊಕ್ಕಿದೆ ಎಂದರ್ಥ. ನಮ್ಮದರಲ್ಲಿ ಬಲಗಡೆಯ ನಾಲ್ಕೂ ಬೂದು.

ಪಕ್ಕದ ಮನೆಯ ಹಿರಿಯರು ನಾಲ್ಕು ದಶಕ ಲೇತ್ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಕಿಚನರಿಗೆ 1916ರವರೆಗೆ ಬರ್ಲಿನ್ ಎಂದೇ ಹೆಸರಿತ್ತು, ಜರ್ಮನ್ ಮೂಲದ ಕುಶಲಕರ್ಮಿಗಳು ಕಟ್ಟಿದ ಊರು. ಆ ಪರಂಪರೆಯ ಕೊನೆಯ ಕೊಂಡಿಗಳಲ್ಲಿ ಇವರೊಬ್ಬರು. ಸುತ್ತಿಗೆ ಎತ್ತಿದ ನನ್ನ ಕೈ ತಡೆದು, “ಅವಸರ ಬೇಡ, ತುಕ್ಕಿಗೆ ಎಣ್ಣೆ ಕುಡಿಯಲು ಒಂದು ರಾತ್ರಿ ಕೊಡು” ಎಂದರು. ಕೊಟ್ಟೆವು. ಮರುದಿನ ಬಿಸಿಗಾಳಿಯಲ್ಲಿ ಕಾಯಿಸಿ, ಪುಲ್ಲರಿನ ಎರಡು ಕಾಲು ಹಿಡಿಸಿ, ಬೋಲ್ಟನ್ನು ಕಾಲುಸುತ್ತು ಕಾಲುಸುತ್ತು ತಿರುಗಿಸುತ್ತ ಹೋದರು. ಪ್ರತಿ ಸಲವೂ ನಿಲ್ಲಿಸಿ ಕಿವಿಗೊಟ್ಟು ಕೇಳುತ್ತಿದ್ದರು. ಒಂದು ಸಲ ‘ಟಣ್’ ಎಂದು ಶಬ್ದ ಬಂತು. “ಈಗ ಬಿಟ್ಟಿತು” ಎಂದರು. ಆಮೇಲೆ ಬೇರಿಂಗ್ ತಾನಾಗಿ ಬಂದಂತೆ ಬಂತು. ಅದು ಕೂತಿದ್ದ ಕಡೆ ಆಕ್ಸಲ್ಲಿನ ಮೇಲೆ ತುಕ್ಕಿನ ಉಂಗುರ. ಅದನ್ನು ಮರಳು ಕಾಗದದಿಂದ ಉದ್ದಕ್ಕೆ ತಿಕ್ಕಬಾರದು, ಸುತ್ತಲೂ ತಿಕ್ಕಬೇಕು, ಇಲ್ಲದಿದ್ದರೆ ಗೀರುಗಳ ಮೇಲೆ ನೀರು ಒಳಗೆ ದಾರಿ ಮಾಡಿಕೊಳ್ಳುತ್ತದೆ ಎಂದು ತೋರಿಸಿಕೊಟ್ಟರು. ಇಂಥದ್ದು ಯಾವ ಕೈಪಿಡಿಯಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮೈಯಲ್ಲಿ ಎರಡು ಬಿರುಕುಗಳಿದ್ದವು. ಮೈ ಪಾಲಿಎಥಿಲೀನಿನದು, ದಪ್ಪ ಹಾಲಿನ ಕ್ಯಾನು, ನೀರಿನ ಡ್ರಮ್ಮು ಮಾಡುವ ಪ್ಲಾಸ್ಟಿಕ್ಕು. ಇದಕ್ಕೆ ಅಂಟು ಹತ್ತುವುದಿಲ್ಲ, ಫೈಬರ್ ಗ್ಲಾಸಿನ ರಾಳವೂ ಹಿಡಿಯುವುದಿಲ್ಲ, ಒಣಗಿದ ಮೇಲೆ ಉಗುರಿನಲ್ಲಿ ಎತ್ತಿದರೆ ಸಿಪ್ಪೆಯಾಗಿ ಏಳುತ್ತದೆ. ಬೆಸೆಯುವುದೊಂದೇ ದಾರಿ. ಮೊದಲು ಬಿರುಕಿನ ಎರಡು ತುದಿಗೂ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ಮಾಡಬೇಕು. ಆಮೇಲೆ ಬಿರುಕಿನ ಉದ್ದಕ್ಕೂ ಇಳಿಜಾರಿನ ತೋಡು ಹೆರೆದು, ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಬಿಸಿಗಾಳಿಯ ಗನ್ನಿನಿಂದ ಕಾಯಿಸುತ್ತ ತುಂಬಬೇಕು. ಕಡ್ಡಿಯೂ ಮೈಯೂ ಒಟ್ಟಿಗೆ ಮಂಕು ಬಿಟ್ಟು ಹೊಳಪಿಗೆ ಬರುವ ಒಂದು ಕ್ಷಣ ಇದೆ. ಆಗ ಒತ್ತಿದರೆ ಎರಡೂ ಒಂದಾಗುತ್ತವೆ. ಮೊದಲು ಒತ್ತಿದರೆ ಬರೀ ಮೇಲೆ ಕೂರುತ್ತದೆ, ತಡವಾದರೆ ಸುಟ್ಟು ಹೊಗೆಯಾಡುತ್ತದೆ. ಈ ಕೆಲಸಕ್ಕೆ ನನಗಿಂತ ಮಗಳ ಕೈ ಚೆನ್ನಾಗಿ ಬಂತು. ಅವಳು ಬೆಸೆದ ಗೆರೆಯನ್ನು ಕಣ್ಣು ಮುಚ್ಚಿ ಸವರಿದರೆ ಎಲ್ಲಿ ಶುರು, ಎಲ್ಲಿ ಕೊನೆ ಎಂದು ತಿಳಿಯದು.

ಉಳಿದವು ಸಣ್ಣ ಕೆಲಸಗಳು. ತಳದಲ್ಲಿ ಸೇರುವ ನೀರು ಎತ್ತಲು 12 ವೋಲ್ಟಿನ ಬಿಲ್ಜ್ ಪಂಪ್ ಹಾಕಿದೆ. ಅದರ ಪೈಪಿನ ಬಾಯಿ ಭಾರ ಹೇರಿದಾಗಲೂ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಇಲ್ಲವಾದರೆ ಪಂಪ್ ನಿಂತ ಕೂಡಲೇ ಹೊರಗಿನ ನೀರು ಅದೇ ಪೈಪಿನಲ್ಲಿ ವಾಪಸು ಬರುತ್ತದೆ. ಎಂಜಿನ್ ಮುಚ್ಚಿದ ಡಬ್ಬದೊಳಗೆ ಕೂತಿರುವುದರಿಂದ ಬಿಸಿ ಸೇರಿಕೊಳ್ಳುತ್ತದೆ, ಸೈಲೆನ್ಸರ್ ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತಿ, ಬಿಸಿ ಗಾಳಿ ಹೊರದಬ್ಬುವ ಒಂದು ಫ್ಯಾನ್ ಇಟ್ಟೆ. ಬ್ರೇಕಿನಿಂದಲೇ ತಿರುಗುವ ಗಾಡಿಯಾದ್ದರಿಂದ ಬ್ರೇಕ್ ಡಿಸ್ಕಿಗೂ ಗಾಳಿ ಸಿಗುವಂತೆ ಅದೇ ಫ್ಯಾನಿನಿಂದ ಒಂದು ಕೊಳವೆ ಎಳೆದೆ. ಚೈನುಗಳನ್ನು ಹೊಸದು ಹಾಕುವಾಗ ಸಾಗರದ ಗ್ಯಾರೇಜುಗಳಲ್ಲಿ ಬೈಕಿಗೆ ಮಾಡುವುದನ್ನು ನೋಡಿ ಕಲಿತಿದ್ದ ಪಾಠವೇ ಸಾಕಾಯಿತು: ಚೈನ್ ಲಾಕಿನ ಮುಚ್ಚಿದ ತುದಿ ಓಟದ ದಿಕ್ಕಿಗಿರಬೇಕು. ಚಳಿಗಾಲಕ್ಕೆ ರಬ್ಬರ್ ಟ್ರ್ಯಾಕ್. ಎಂಟು ಚಕ್ರದ ಸುತ್ತ ಪಟ್ಟಿ ಹಾಸಿದರೆ ಮೆತ್ತನೆ ಹಿಮದ ಮೇಲೂ ಗಾಡಿ ಹೂಳುವುದಿಲ್ಲ, ನೀರಿನಲ್ಲೂ ಸ್ವಲ್ಪ ಹೆಚ್ಚು ಎಳೆಯುತ್ತದೆ. ಆದರೆ ತೂಕ ಹೆಚ್ಚುತ್ತದೆ, ಬೇರಿಂಗಿಗೆ ಹೊರೆ ಹೆಚ್ಚುತ್ತದೆ. ಹಿಮ ಕರಗಿದ ವಾರವೇ ಬಿಚ್ಚಿಡುತ್ತೇವೆ.

ಮಾಡದೇ ಬಿಟ್ಟದ್ದರ ಬಗ್ಗೆಯೂ ಹೇಳಬೇಕು, ಯಾಕೆಂದರೆ ಇಂಥ ಗಾಡಿ ಇಟ್ಟುಕೊಂಡವರ ನಡುವೆ ವಾದ ನಡೆಯುವುದೇ ಅಲ್ಲಿ. ಹೆಚ್ಚಿನವರ ಮೊದಲ ಆಸೆ ದೊಡ್ಡ ಎಂಜಿನ್. ಹಿಮವಾಹನದ ಎಂಜಿನ್ ಕಿತ್ತು ಕೂರಿಸಿದವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಚೈನು, ಈ ಆಕ್ಸಲ್, ಈ ಬ್ರೇಕು ಎಲ್ಲವೂ ನಿಧಾನದ ಲೆಕ್ಕ ಹಾಕಿ ಮಾಡಿದವು. ಸ್ಪ್ರಿಂಗಿಲ್ಲದ ಗಾಡಿಯನ್ನು ವೇಗವಾಗಿ ಓಡಿಸಿದರೆ ಅದು ಚೆಂಡಿನಂತೆ ಪುಟಿದು ಕೂತವರ ಬೆನ್ನು ಮುರಿಯುತ್ತದೆ. ನೀರಿನಲ್ಲಂತೂ ಚಕ್ರವನ್ನು ಹೆಚ್ಚು ತಿರುಗಿಸಿದರೆ ನೊರೆ ಏಳುತ್ತದೆ, ಓಟ ಏಳುವುದಿಲ್ಲ. ಹಿಂದೆ ದೋಣಿಯ ಔಟ್‌ಬೋರ್ಡ್ ಮೋಟರ್ ಸಿಕ್ಕಿಸುವ ಕಟ್ಟು ಸಿಗುತ್ತದೆ. ದೊಡ್ಡ ಸರೋವರ ದಾಟುವವರಿಗೆ ಅದು ಬೇಕೇ ಬೇಕು. ಬೊಡ್ಡೆ ತುಂಬಿದ ನಮ್ಮ ನೀರಿನಲ್ಲಿ ಪ್ರೊಪೆಲ್ಲರ್ ಒಂದು ದಿನವೂ ಬಾಳುವುದಿಲ್ಲ. ಟೈರಾದರೆ ಬೊಡ್ಡೆ ಸಿಕ್ಕಿದರೆ ಅದರ ಮೇಲೆ ಹತ್ತಿ ಇಳಿದು ಹೋಗುತ್ತದೆ. ಈ ಗಾಡಿಯ ಗುಣವೇ ಅದು. ಗುಣವನ್ನು ಕೆಡಿಸುವ ಬದಲಾವಣೆಗೆ ಸುಧಾರಣೆ ಎಂಬ ಹೆಸರು ಕೊಡಲು ನನಗೆ ಮನಸ್ಸಿಲ್ಲ.

ನೀರಿಗಿಳಿಯುವ ಮುನ್ನ ಕೆಲವು ಕ್ರಮಗಳಿವೆ. ತಳದ ಬಿರಟೆ ಗಟ್ಟಿ ಕೂತಿದೆಯೇ ಎಂದು ಕೈಯಿಂದ ಮುಟ್ಟಿ ನೋಡುವುದು. ಎಲ್ಲರಿಗೂ ಲೈಫ್ ಜಾಕೆಟ್, ಮಾತೇ ಇಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ, ಹೋಗುವಾಗ ಎದುರುಗಾಳಿಗೆ ಹೋಗಿ ಬರುವಾಗ ಗಾಳಿಯ ಜತೆ ಬರುವುದು. ಗಂಟೆಗೆ ನಾಲ್ಕು ಕಿಲೋಮೀಟರಿನ ವಾಹನಕ್ಕೆ ಗಾಳಿಯ ಜತೆ ಜಗಳ ಸಲ್ಲದು. ಇಳಿಯುವ ಜಾಗಕ್ಕಿಂತ ಹತ್ತುವ ಜಾಗವನ್ನು ಮೊದಲು ಗುರುತಿಸಿಕೊಳ್ಳುವುದು. ಇಳಿಯುವುದು ಸುಲಭ: ಮುಂದಿನ ಚಕ್ರಗಳು ಕೆಸರು ಬಿಡುತ್ತವೆ, ಮೂತಿ ಒಂದು ಸಲ ತಗ್ಗಿ ಏಳುತ್ತದೆ, ಹಿಂದಿನ ಚಕ್ರಗಳೂ ಬಿಟ್ಟ ಕೂಡಲೇ ಮೈಯೆಲ್ಲ ಒಂದು ಸಲ ಓಲಾಡಿ ನೆಟ್ಟಗೆ ನಿಲ್ಲುತ್ತದೆ. ಹತ್ತುವುದು ಕಷ್ಟ. ಮುಂದಿನ ಎರಡು ಚಕ್ರಕ್ಕೆ ಹಿಡಿಯಲು ಏನಾದರೂ ಸಿಗಬೇಕು. ಕಡಿದಾದ ಜಾರುಮಣ್ಣು ಸಿಕ್ಕಿದರೆ ವಿಂಚಿನ ಹಗ್ಗ ಮರಕ್ಕೆ ಕಟ್ಟಬೇಕಾಗುತ್ತದೆ. ನಾವು ಕೂತವರೆಲ್ಲ ಮುಂದಕ್ಕೆ ಬಾಗಿದರೆ ಅರ್ಧ ಕೆಲಸ ಆದಂತೆ.

ನೆಲದ ಬಗ್ಗೆಯೂ ನಮಗೆ ಜವಾಬ್ದಾರಿ ಇದೆ. ಟೈರು ಮೆತ್ತಗಿದ್ದರೂ ಗಾಡಿ ನಿಂತಲ್ಲೇ ತಿರುಗಿದರೆ ಚಕ್ರಗಳು ಅಡ್ಡಕ್ಕೆ ಉಜ್ಜಿ ಪಾಚಿಯ ಹಾಸನ್ನು ಕಿತ್ತುಹಾಕುತ್ತವೆ. ಅದು ಮತ್ತೆ ಬೆಳೆಯಲು ವರ್ಷಗಳು ಬೇಕು. ಹಾಗಾಗಿ ಒಂದೇ ದಾರಿ, ಒಂದೇ ಇಳಿಯುವ ಜಾಗ, ದೊಡ್ಡ ತಿರುವು. ಜೂನಿನಲ್ಲಿ ಸ್ನ್ಯಾಪಿಂಗ್ ಆಮೆಗಳು ಗರಸು ಮಣ್ಣು ಹುಡುಕಿಕೊಂಡು ಬಂದು ಮೊಟ್ಟೆಯಿಡುತ್ತವೆ. ನಮ್ಮ ದಾರಿಯ ಒಂದು ಭಾಗ ಅವಕ್ಕೆ ಮೆಚ್ಚುಗೆ. ಆ ತುಂಡಿಗೆ ಕಡ್ಡಿ ನೆಟ್ಟು ಸುತ್ತು ಹಾಕುತ್ತೇವೆ. ಒಂದು ನೀರಿನ ಕಳೆ ಇನ್ನೊಂದು ನೀರಿಗೆ ಹೋಗಬಾರದೆಂದು ಒಂಟಾರಿಯೊದಲ್ಲಿ 2022ರಿಂದ ಕಾನೂನೇ ಇದೆ, ದೋಣಿಯನ್ನು ರಸ್ತೆಗೆ ತರುವ ಮೊದಲು ಬಿರಟೆ ತೆಗೆದು ನೀರು ಬಸಿದು ಗಿಡ ಕಿತ್ತು ಸ್ವಚ್ಛ ಮಾಡಬೇಕು. ಎಂಟು ಚಕ್ರದ ಸಂದಿಗಳಲ್ಲಿ ಸಿಕ್ಕುವಷ್ಟು ಕಳೆ ಯಾವ ದೋಣಿಯಲ್ಲೂ ಸಿಕ್ಕಲಾರದು. ತೊಳೆಯುವುದು ಓಡಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಹೋದ ಬೇಸಿಗೆಯಲ್ಲಿ ಊರಿಂದ ಅಪ್ಪಯ್ಯ ಬಂದಿದ್ದರು. ಎಂಬತ್ತು ದಾಟಿದ್ದಾರೆ. ಮುಳುಗಡೆಗೆ ಮುಂಚಿನ ಹೊಳೆ ಕಂಡವರು, ಮುಳುಗಡೆಯಾದ ಮೇಲೆ ದೋಣಿಯಲ್ಲೂ ಲಾಂಚಿನಲ್ಲೂ ಅಡಿಕೆ ಚೀಲ ದಾಟಿಸಿದವರು. ಗಾಡಿಗೆ ಒಂದು ಸುತ್ತು ಬಂದು, “ಇದ್ರಲ್ಲಿ ಅಡಿಕೆ ಚೀಲ ಎಷ್ಟು ಹಿಡಿತು ಮಾಣಿ?” ಎಂದು ಕೇಳಿದರು. ನೀರಿನಲ್ಲಾದರೆ ಮೂರೋ ನಾಲ್ಕೋ ಎಂದೆ. ತಲೆಯಾಡಿಸಿದರು. ಸೌದೆ ತುಂಬಿಕೊಂಡು ಹೊರಟಾಗ ನೀರಿನ ಅಂಚಿಗೆ ಬರುವ ಮುಂಚೆಯೇ ನಿಲ್ಲಿಸಲು ಹೇಳಿದರು. “ಭಾರ ಎಲ್ಲ ಹಿಂದೆ ಹಾಕಡ, ಮೂತಿ ಎದ್ದು ಹೋಗ್ತು.” ತಾವೇ ಇಳಿದು ಸೌದೆಯ ಕಟ್ಟುಗಳನ್ನು ಮಧ್ಯಕ್ಕೂ ಮುಂದಕ್ಕೂ ಸರಿಸಿ ಇಟ್ಟರು. ಅಂದು ಗಾಡಿ ನೀರಿಗಿಳಿದದ್ದು, ನಡು ನೀರಿನಲ್ಲಿ ಲಿವರಿಗೆ ತಿರುಗಿದ್ದು, ಆಚೆ ದಡಕ್ಕೆ ಹತ್ತಿದ್ದು ಎಲ್ಲವೂ ಹಿಂದೆಂದಿಗಿಂತ ಹಗುರವಾಗಿತ್ತು. ಅಂದಿನಿಂದ ಹಿಂದಿನ ಸೀಟನ್ನೇ ಬಿಚ್ಚಿ, ಅಪ್ಪಯ್ಯ ಸೌದೆ ಇಟ್ಟ ಅಳತೆಗೆ ಸರಿಯಾಗಿ ಎರಡು ಮರದ ಪಟ್ಟಿ ಹೊಡೆದು ಸಾಮಾನಿನ ಜಾಗ ಗೊತ್ತು ಮಾಡಿದ್ದೇನೆ. ಈ ಗಾಡಿಗೆ ಆದ ಬದಲಾವಣೆಗಳಲ್ಲೆಲ್ಲ ಅತಿ ಕಡಿಮೆ ಖರ್ಚಿನದು, ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ಗುಡಿಸಲಿನಲ್ಲಿ ಕೂತು ಅವರಿಗೆ ಫೋನಿನಲ್ಲಿ ಇನ್ನೊಂದು ಗಾಡಿ ತೋರಿಸಿದೆ. ಭಾರತದ ಸೇನೆಯ ಬಳಿ ಈಗ ಇರುವ ಎಟಾರ್ ಎನ್ 1200. ಆಳೆತ್ತರದ ನಾಲ್ಕು ಟೈರು, ಅವುಗಳಲ್ಲೂ ಕಡಿಮೆ ಗಾಳಿ, ನೀರಿನಲ್ಲಿ ನೂಕುವುದು ಅಲ್ಲೂ ಟೈರೇ. 2025ರ ಪಂಜಾಬ್ ನೆರೆಯಲ್ಲಿ ಅಮೃತಸರದ ಕಡೆಯ ಹಳ್ಳಿಗಳಿಂದ ಜನರನ್ನು ಅದರಲ್ಲಿ ಹೊರತಂದರು. ಗದ್ದೆ, ಕೆಸರು, ರಸ್ತೆ, ಪ್ರವಾಹ ಎಲ್ಲ ಒಂದರೊಳಗೊಂದು ಬೆರೆತುಹೋದ ಕಡೆ ದೋಣಿ ನೆಲ ತಗುಲಿ ನಿಲ್ಲುತ್ತದೆ, ಜೀಪು ಆಳ ತಗುಲಿ ನಿಲ್ಲುತ್ತದೆ. ಬೆಳಗಾವಿ ಜಿಲ್ಲೆಯ ಕೃಷ್ಣಾ ತೀರದಲ್ಲಿ, 2018ರ ಕೊಡಗಿನಲ್ಲಿ ನಾವು ಕಂಡ ನೀರೂ ಅಂಥದೇ. ಪ್ರತಿ ಜಿಲ್ಲೆಗೂ ಸೇನೆಯ ದೊಡ್ಡ ಗಾಡಿ ಬರುವುದು ಸಾಧ್ಯವಿಲ್ಲದಿರಬಹುದು. ಆದರೆ ನಾಲ್ಕು ಜನ ಕೂರುವ, ಊರ ಮೆಕ್ಯಾನಿಕ್ಕೇ ಬಿಚ್ಚಿ ಜೋಡಿಸಬಲ್ಲ, ಸ್ಕೂಟರಿನ ಬೆಲ್ಟೂ ಬೈಕಿನ ಜಾತಿಯ ಚೈನೂ ಇರುವ ಸಣ್ಣ ಗಾಡಿಯನ್ನು ನಮ್ಮವರು ಮಾಡಲಾರರು ಎಂದರೆ ನಾನು ನಂಬುವುದಿಲ್ಲ. ಜೀಪಿಗೆ ಚೈನ್ ಕಟ್ಟಿ ಮಳೆಗಾಲದ ಘಟ್ಟ ಹತ್ತಿಸುವವರು, ಅಡಿಕೆ ಸುಲಿಯಲು ತಮ್ಮದೇ ಯಂತ್ರ ಕಟ್ಟಿಕೊಂಡವರು ನಮ್ಮ ಮಲೆನಾಡಿನಲ್ಲಿದ್ದಾರೆ. ಅವರಿಗೆ ಬೇಕಾದ್ದು ಒಂದು ಮಾದರಿ ಮಾತ್ರ. ಅಪ್ಪಯ್ಯನ ಜತೆ ಸಾಗರಕ್ಕೆ ಕಳಿಸಲೆಂದು ನಮ್ಮ ಗಾಡಿಯ ಅಳತೆಗಳನ್ನೆಲ್ಲ ಬರೆದು, ಬೇರಿಂಗು ಬಿಚ್ಚಿದಾಗ ತೆಗೆದ ಫೋಟೊಗಳನ್ನೂ ಸೇರಿಸಿ ಒಂದು ಕಡತ ಮಾಡಿಕೊಟ್ಟೆ. ಅಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನನ್ನ ಬಾಲ್ಯದ ಗೆಳೆಯ ಅದನ್ನು ಓದಿ ಕೇಳಿದ ಮೊದಲ ಪ್ರಶ್ನೆ, ಟೈರು ಎಲ್ಲಿ ಸಿಗುತ್ತದೆ ಎಂದು. ಪವರ್ ಟಿಲ್ಲರಿನ ಟೈರಿನಿಂದ ಶುರು ಮಾಡಬಹುದೇ ಎಂದು ಇಬ್ಬರೂ ವಾರವಾರ ಫೋನಿನಲ್ಲಿ ಲೆಕ್ಕ ಹಾಕುತ್ತಿದ್ದೇವೆ. ಗಡುಸು ಹೆಚ್ಚು, ಗಾಳಿ ಇಳಿಸಿದರೆ ರಿಮ್ಮಿನಿಂದ ಕಳಚಿಕೊಳ್ಳುವ ಭಯವಿದೆ ಎಂಬಲ್ಲಿಗೆ ಸದ್ಯ ಬಂದು ನಿಂತಿದೆ.